ಚಕ್ರವಾಕ ಹುಡುಕಿಕೊಂಡು ಜನ್ನಾಪುರಕ್ಕೆ

ಆಯುಧಪೂಜೆಯ ಬೆಳಗ್ಗೆ ನವುಲೆಯಿಂದ ನಾವು ಹತ್ತಿದ ಸಿಟಿ ಬಸ್ಸಿನ ಮುಂದೆ ಎರಡು ಬಾಳೆಕಂದು ಕಟ್ಟಿದ್ದರು. ಗಾಜಿನ ತುಂಬ ಚೆಂಡುಹೂವಿನ ಹಾರ. ಹಾರದ ಸಂದಿಯಲ್ಲಿ ಡ್ರೈವರ್ ಬಗ್ಗಿ ಬಗ್ಗಿ ದಾರಿ ಹುಡುಕುತ್ತಿದ್ದ. ಕಿಟಕಿಯ ಪಕ್ಕ ನನ್ನ ಅಣ್ಣ, ಈಚೆ ನಾನು, ನನ್ನ ತೊಡೆಯ ಮೇಲೆ ಬಟ್ಟೆಚೀಲದಲ್ಲಿ ನನ್ನ ಆಲ್ಬಮ್. ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಕತ್ತರಿಗೂ ಪೂಜೆ ಮುಗಿಸಿ, ತಿಂಡಿ ತಿಂದೆವೋ ಇಲ್ಲವೋ ಎಂಬಂತೆ ಹೊರಟಿದ್ದೆವು. ಭದ್ರಾವತಿಗೆ ಹೋಗುವುದಕ್ಕೆ ಇಷ್ಟು ಅವಸರವೇ ಎಂದು ನನ್ನ ಗಂಡ ನಕ್ಕರು. ನಗಲಿ. ನನ್ನ ಅವಸರ ನನಗೆ ಗೊತ್ತು.

ಆ ಆಲ್ಬಮ್ ವಿಷಯ ಹೇಳಿಬಿಡುತ್ತೇನೆ. ನೌಕಾಪಡೆಯ ಪ್ರತಿ ಹಡಗಿಗೂ ಪ್ರತಿ ನೆಲೆಗೂ ಅದರದೇ ಗುರುತು ಇರುತ್ತದೆ. ಅದನ್ನು ಅಂಗೈ ಅಗಲದ ಬಟ್ಟೆಯ ಮೇಲೆ ಬಣ್ಣದ ದಾರದಲ್ಲಿ ಕಸೂತಿ ಮಾಡಿರುತ್ತಾರೆ. ತಿಳಿದವರು ಅದನ್ನು ಪ್ಯಾಚ್ ಎನ್ನುತ್ತಾರೆ, ನಾನು ಬಿಲ್ಲೆ ಎನ್ನುತ್ತೇನೆ. ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು. ನೌಕಾಪಡೆಯಲ್ಲಿದ್ದ ಅಣ್ಣ ಒಮ್ಮೆ ರಜೆಗೆ ಬಂದಾಗ ಒಂದು ಬಿಲ್ಲೆ ತಂದು ಕೈಗಿಟ್ಟ. ಅದರ ಅಂಚಿನ ಹೊಲಿಗೆ ನೋಡಿಯೇ ನಾನು ಮರುಳಾಗಿಹೋದೆ. ಅಲ್ಲಿಂದ ಶುರುವಾದ ಹುಚ್ಚು. ಸಮುದ್ರವಿಲ್ಲದ ಶಿವಮೊಗ್ಗದಲ್ಲಿ ಕುಳಿತು, ನಿವೃತ್ತ ನಾವಿಕರು ಎಲ್ಲಿದ್ದಾರೆಂದು ವಿಚಾರಿಸಿ, ಕಾಗದ ಬರೆದು, ಕಾಡಿ ಬೇಡಿ ಒಂದೊಂದೇ ಕೂಡಿಸಿದ್ದೇನೆ. ಮನೆಯವರು ನನ್ನನ್ನು ‘ಅಡ್ಮಿರಲ್ ಮೇಡಂ’ ಎಂದೇ ಕರೆಯುವುದು. ಕೈ ತೊಳೆದು ಒರೆಸಿಕೊಳ್ಳದೆ ಯಾರಾದರೂ ಆಲ್ಬಮ್ ಮುಟ್ಟಿದರೆ ಮಾತ್ರ ನಾನು ಸುಮ್ಮನಿರುವವಳಲ್ಲ. ನೆಂಟರೆದುರಿಗೇ ಗದರಿಬಿಡುತ್ತೇನೆ.

ಅದರಲ್ಲಿ ಒಂದು ಪುಟ ಖಾಲಿ ಇತ್ತು. ಕೆಳಗೆ ‘ಚಕ್ರವಾಕ’ ಎಂದು ಬರೆದು ಎಷ್ಟೋ ವರ್ಷವಾಗಿತ್ತು. ಅದು ಅಣ್ಣನ ಮೊದಲ ಹಡಗು. ಅಲೆಯ ಮೇಲೆ ಎದುರುಬದುರು ಕೂತ ಎರಡು ಹಕ್ಕಿಗಳು ಅದರ ಗುರುತು. ಹಡಗನ್ನು ಎಂದೋ ಒಡೆದು ಗುಜರಿಗೆ ಹಾಕಿದರು. ಅಣ್ಣನ ಬಿಲ್ಲೆ ಯಾವುದೋ ವರ್ಗಾವಣೆಯಲ್ಲಿ ಟ್ರಂಕಿನ ಸಮೇತ ಕಳೆದುಹೋಯಿತು. ಈಗ ಅವನ ಕಣ್ಣೂ ಹೋಗುತ್ತಿದೆ. ನರ ಒಣಗುತ್ತಿದೆಯಂತೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಎಷ್ಟು ದಿನ ಕಾಪಾಡಬಹುದೋ ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ. ಬೆಳಕು ಪೂರ್ತಿ ಆರುವ ಮೊದಲು ಆ ಎರಡು ಹಕ್ಕಿಗಳನ್ನು ಅವನು ನೋಡಬೇಕು, ಕಾರವಾರದ ತನ್ನ ಮನೆಗೆ ಜೇಬಿನಲ್ಲಿಟ್ಟುಕೊಂಡು ಹೋಗಬೇಕು ಎಂಬುದು ನನ್ನ ಹಟ. ದಸರೆಗೆಂದು ಬಂದಿದ್ದವನು ಮಾರನೆಯ ಬೆಳಗ್ಗೆ ಹೊರಡುವವನಿದ್ದ.

ಜನ್ನಾಪುರದಲ್ಲಿ ಒಬ್ಬ ‘ನೇವಿ ಅಂಕಲ್’ ಇದ್ದಾರೆ ಎಂದದ್ದು ನನ್ನ ಹೊಲಿಗೆ ತರಗತಿಗೆ ಬರುವ ಹುಡುಗಿ. ಹೆಸರು ರುದ್ರಪ್ಪ. ಫೋನ್ ಮಾಡಿದೆ.

“ಚಕ್ರವಾಕ ತಾನೆ? ಇದೆ ಕಣಮ್ಮ” ಎಂದರು. “ಆದ್ರೆ ನಾವು ನಾವಿಕರು ಬಿಲ್ಲೆ ಮಾರಲ್ಲ, ಸುಮ್ನೆ ಕೊಡೋದೂ ಇಲ್ಲ. ಬದ್ಲಿಗೆ ಬದ್ಲಿ. ನಾನು ಟ್ರೇನಿಂಗ್ ತಗೊಂಡ ನೆಲೆದು ಇದೆಯಾ ನಿಮ್ಮತ್ರ?”

ಇತ್ತು. ಅವರು ಹೆಸರು ಹೇಳಿದ ಆ ನೆಲೆಯಲ್ಲೇ ಅಣ್ಣನೂ ಮೊದಲ ತರಬೇತಿ ಪಡೆದದ್ದು. ರಜೆಯ ದಿನ ಎಲ್ಲರೂ ಮನೆಯಲ್ಲಿರುತ್ತಾರೆ ಎಂದು ಆಯುಧಪೂಜೆಗೇ ಬರುತ್ತೇವೆ ಎಂದೆ. “ಹೋಳಿಗೆ ಊಟಕ್ಕೇ ಬನ್ನಿ” ಎಂದರು. ಇಬ್ಬರಿಗೂ ಮುಂದಿನದು ಹೊಳೆಯಲಿಲ್ಲ.

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿಯ ಖಾಸಗಿ ಬಸ್ಸು ಸಿಕ್ಕಿತು. ಅದರ ಟೈರಿನ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕೆಂದು ಒಡೆದ ಮೇಲೆಯೇ ಬಸ್ಸು ಹೊರಟದ್ದು. ಟಿಕೆಟ್ ಕೊಂಡೆವು. ಜೊತೆಗೆ ಕಂಡಕ್ಟರ್ ಒಂದೊಂದು ಹಿಡಿ ಮಂಡಕ್ಕಿ, ಕೊಬ್ಬರಿ ಚೂರು ಹಂಚಿದ. ದೂರ ಹದಿನೆಂಟು ಕಿಲೋಮೀಟರೋ ಇಪ್ಪತ್ತೋ. ತುಂಗೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಅಣ್ಣ ಮುಖವನ್ನು ಕಿಟಕಿಗೆ ಒತ್ತಿದ.

“ನೀರು ಹೇಗಿದೆ?”

“ಇದೆ. ಕೆಂಪು ಇಳಿದಿದೆ. ಬಂಡೆ ಎಲ್ಲ ಕಾಣ್ತಿದಾವೆ.”

“ಹಾಗಾದ್ರೆ ನಮ್ಮ ಹಡಗು ಇಲ್ಲಿ ಬರಲ್ಲ ಬಿಡು, ತಳ ಕೆರೆಯತ್ತೆ” ಎಂದು ಮಂಡಕ್ಕಿ ಮುಕ್ಕಿದ. ಅವನು ತಮಾಷೆ ಮಾಡಿದರೆ ಖುಷಿಯಾಗಿದ್ದಾನೆ ಎಂದು ಅರ್ಥ. ನನಗೂ ಖುಷಿಯಾಯಿತು. ಮಳೆ ನಿಂತು ಹದವಾದ ಬಿಸಿಲು ಬಿದ್ದಿತ್ತು. ಮಾಚೇನಹಳ್ಳಿಯ ಹತ್ತಿರ ಪ್ರತಿ ವರ್ಕ್‌ಶಾಪಿನ ಮುಂದೆಯೂ ಒಡೆದ ಬೂದುಗುಂಬಳ ಕೆಂಪಗೆ ಬಿದ್ದಿತ್ತು, ಸ್ಕೂಟರಿನವರು ಅದರ ಮೇಲೆ ಜಾರದಂತೆ ಸುತ್ತು ಹಾಕಿ ಹೋಗುತ್ತಿದ್ದರು.

ಭದ್ರಾವತಿಯಲ್ಲಿ ಇಳಿದು ಆಟೋ ಹಿಡಿದೆವು. ಆಟೋದವರ ಮನೆಮಾತು ತಮಿಳು. “ಇವತ್ತು ಮೀಟರ್‌ಗೆ ಪೂಜೆ ಆಗಿದೆಯಮ್ಮಾ, ಅದನ್ನ ಹಾಕಂಗಿಲ್ಲ” ಎಂದರು. ನಾನು ಜಗಳಕ್ಕೆ ತಯಾರಾದೆ. ಅಣ್ಣ ನಕ್ಕು ನನ್ನನ್ನು ಒಳಗೆ ತಳ್ಳಿದ. ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು.

ಜನ್ನಾಪುರದ ಒಂದು ಬೀದಿಯಲ್ಲಿ ಶೀಟಿನ ಮಾಡಿನ ಸಣ್ಣ ಲೇಥ್ ಶಾಪು, ಅದಕ್ಕೆ ಅಂಟಿಕೊಂಡೇ ರುದ್ರಪ್ಪನವರ ಮನೆ. ನೌಕಾಪಡೆಯಿಂದ ಬಂದ ಮೇಲೆ ಕಾರ್ಖಾನೆಯಲ್ಲಿ ದುಡಿದು, ಈಗ ಸ್ವಂತ ಲೇಥ್ ಹಾಕಿಕೊಂಡಿದ್ದಾರೆ. ಹಣೆ ತುಂಬ ವಿಭೂತಿ, ಕೊಕ್ಕರೆಯಂಥ ಉದ್ದ ಕಾಲು. ಅಣ್ಣನ ಕೈ ಹಿಡಿದವರು ಬಿಡಲೇ ಇಲ್ಲ.

“ನೀವು ಯಾವ್ದರಲ್ಲಿ?”

“ಸಿಗ್ನಲ್ಸು. ನೀವು?”

“ಎಂಜಿನ್ ರೂಮು. ನಿಮ್ಮ ತಂಗಿ ಫೋನಲ್ಲಿ ಹೇಳಿದ ಲೆಕ್ಕಕ್ಕೆ ನೀವು ಇಳಿದ್ಮೇಲೆ ನಾನು ಹತ್ತಿರೋದು. ಅಡುಗೆ ಕೋಣೆ ಪಕ್ಕದ ಏಣಿಗೆ ತಲೆ ಹೊಡ್ಕೊಂಡಿದ್ರೇನು?”

“ಹೊಡ್ಕೊಳ್ದೆ ಇದ್ದೋರು ಯಾರು ಹೇಳಿ!”

ಇಬ್ಬರೂ ಒಟ್ಟಿಗೇ ನೆತ್ತಿಯ ಎಡಭಾಗ ಸವರಿಕೊಂಡರು. ರುದ್ರಪ್ಪನವರ ಹೆಂಡತಿ ಗಿರಿಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇನ್ನು ಊಟ ಆದಂಗೇ” ಎಂದು ನನ್ನತ್ತ ನೋಡಿ ನಕ್ಕರು.

“ಮೊದ್ಲು ಬಿಲ್ಲೆ ತೋರಿಸ್ತೀನಿ ಬನ್ನಿ” ಎಂದು ರುದ್ರಪ್ಪ ಲೇಥ್ ಶಾಪಿನೊಳಗೆ ಕರೆದುಕೊಂಡು ಹೋದರು. ಯಂತ್ರ ತೊಳೆದು ಒರೆಸಿ ಫಳಫಳ ಎನ್ನುತ್ತಿತ್ತು. ಅದಕ್ಕೆ ಮೂರು ಪಟ್ಟೆ ವಿಭೂತಿ, ಹಾರ. ಸ್ಪ್ಯಾನರು, ಸುತ್ತಿಗೆ, ಉಳಿ ಸಾಲಾಗಿ. ಅವುಗಳ ನಡುವೆ, ಎಲೆ ಅಡಿಕೆಯ ಪಕ್ಕದಲ್ಲಿ ಚಕ್ರವಾಕ. ಹಕ್ಕಿಗಳು ಎಲ್ಲಿ? ಗಂಧ, ಅದರ ಮೇಲೆ ಒದ್ದೆ ಕುಂಕುಮ, ಅದರ ಮೇಲೆ ಸೇವಂತಿಗೆ. ಅಲೆಯ ನೀಲಿ ಅಂಚು ಒಂದಿಷ್ಟು ಕಾಣುತ್ತಿತ್ತು, ಅಷ್ಟೇ.

“ಇದಕ್ಕೂ ಪೂಜೆಯಾ?” ಎಂದೆ.

“ಮತ್ತೆ? ನನ್ನ ಕೈ ಕೆಲ್ಸ ಕಲಿತಿದ್ದೇ ಆ ಹಡಗಲ್ಲಿ. ಹಡಗು ತಂದು ಇಲ್ಲಿ ನಿಲ್ಸೋಕಾಗತ್ತಾ? ಅದಕ್ಕೇ ವರ್ಷಾ ವರ್ಷ ಇದನ್ನ ಇಡ್ತೀನಿ.” ಅಷ್ಟು ಹೇಳಿ ಅವರು ಥಟ್ಟನೆ ನಿಂತರು. ನನ್ನ ಮುಖ ನೋಡಿದರು. “ಅಯ್ಯೋ ಶಿವನೇ! ಇವತ್ತು ಇದನ್ನ ಕದಲ್ಸಂಗಿಲ್ವಲ್ಲ!”

ಹೌದು. ಪೂಜೆಗಿಟ್ಟದ್ದನ್ನು ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಕದಲಿಸುವಂತಿಲ್ಲ. ಇದು ಯಾರಿಗೆ ಗೊತ್ತಿಲ್ಲ? ನನ್ನ ಕತ್ತರಿಯನ್ನು ನಾಳೆಯವರೆಗೆ ಮುಟ್ಟಿದರೆ ಜೋಕೆ ಎಂದು ಗಂಡನಿಗೆ ಅಪ್ಪಣೆ ಮಾಡಿ ಬಂದವಳು ನಾನೇ! ನೇವಿಯ ಸಾಮಾನು ಲೇಥಿನ ಪೂಜೆಯಲ್ಲಿ ಕೂತಿರುತ್ತದೆ ಎಂದು ನಾನು ಕನಸು ಕಂಡಿದ್ದೆನೇ? ಒಂದು ಕ್ಷಣ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ರುದ್ರಪ್ಪನವರ ಮೇಲೆ, ನನ್ನ ಮೇಲೆ, ಪಾಪದ ಆ ಸೇವಂತಿಗೆಯ ಮೇಲೂ.

“ನಾಳೆ ಒಂದಿನ ಉಳ್ಕೊಳೋ ಅಣ್ಣ” ಎಂದೆ.

“ನಾಡಿದ್ದು ಬೆಳಗ್ಗೆ ಕಾರವಾರದಲ್ಲಿ ಕಣ್ಣಿನ ಡಾಕ್ಟ್ರು ಕರ್ದಿದಾರಲ್ಲ ಮಾರಾಯ್ತಿ.”

“ಹೂವು ಕುಂಕುಮ ಸ್ವಲ್ಪ ಸರಿಸಿದ್ರೆ...” ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಗಿರಿಜಮ್ಮ ಹಿಂದೆ ಬಂದು ನಿಂತಿದ್ದರು. ಅವರನ್ನು ಕಂಡು ನಾನೇ ಬಾಯಿ ಮುಚ್ಚಿಕೊಂಡೆ. ಕೊನೆಗೆ ಅವರೇ, “ಕದಲ್ಸೋದು ಬೇಡ ಅಷ್ಟೇ. ಮುಟ್ಟಿ ನಮಸ್ಕಾರ ಮಾಡೋಕೆ ಏನಂತೆ? ಎಲ್ಲಾರೂ ಮಾಡ್ತಾರೆ” ಎಂದರು.

ಅಣ್ಣ ಚಪ್ಪಲಿ ಬಿಟ್ಟು ಹತ್ತಿರ ಹೋದ. ಬಗ್ಗಿದ. ಹೆಬ್ಬೆರಳನ್ನು ಸೇವಂತಿಗೆಯ ಕೆಳಗೆ ತೂರಿಸಿ, ಒತ್ತದೆ, ದಾರದ ಮೇಲೆ ಮೆಲ್ಲಗೆ ಆಡಿಸತೊಡಗಿದ.

“ಅಲೆ” ಎಂದ. “ಇದು ಕೊಕ್ಕು. ಇದು ಕಣ್ಣು, ಗಂಟು ಹಾಕಿದಾರೆ. ಈ ಕಡೆದಕ್ಕೂ ಇದೆ.” ಬೆರಳು ಅತ್ತಿಂದಿತ್ತ ಹೋಯಿತು. “ಎರಡೂ ನೋಡ್ತಿದಾವೆ ಕಣೆ.”

ನನಗೆ ಅಳು ಬಂತು. ಗಿರಿಜಮ್ಮನಿಗೆ ಕಾಣದಿರಲಿ ಎಂದು ಸ್ಪ್ಯಾನರುಗಳ ಕಡೆ ತಿರುಗಿ ನಿಂತೆ.

ಊಟ ಭರ್ಜರಿಯಾಗಿತ್ತು. ಬೇಳೆ ಹೋಳಿಗೆ, ಮೇಲೆ ತುಪ್ಪ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ, ಮಾವಿನಕಾಯಿ ಉಪ್ಪಿನಕಾಯಿ. ಸಿಟ್ಟಿನಲ್ಲಿದ್ದವಳು ಮೂರನೆಯ ಹೋಳಿಗೆ ಹಾಕಿಸಿಕೊಂಡೆ. ಮಧ್ಯಾಹ್ನವಿಡೀ ಅವರಿಬ್ಬರೂ ಹಡಗಿನಲ್ಲೇ ಇದ್ದರು. ಮಳೆಗಾಲದ ಸಮುದ್ರದಲ್ಲಿ ಸಾರಿನ ಪಾತ್ರೆ ಓಡಿಹೋದದ್ದು, ಯಾರದೋ ಗೊರಕೆಗೆ ಹೆದರಿ ಹತ್ತು ಜನ ಡೆಕ್ಕಿನ ಮೇಲೆ ಮಲಗಿದ್ದು. ಅಣ್ಣ ಇಷ್ಟು ಗಟ್ಟಿಯಾಗಿ ನಕ್ಕದ್ದನ್ನು ಕೇಳಿ ನನಗೆ ವರ್ಷಗಳೇ ಆಗಿದ್ದವು.

ಹೊರಡುವಾಗ ರುದ್ರಪ್ಪ, “ನಾಳೆ ಪೂಜೆ ಆದ್ಮೇಲೆ ಪೋಸ್ಟಲ್ಲಿ ಕಾರವಾರಕ್ಕೇ ಹಾಕ್ತೀನಿ. ಮಾತು ಮಾತೇ” ಎಂದರು.

ಅಣ್ಣ ತಲೆಯಾಡಿಸಿದ. “ಬೇಡಿ ರುದ್ರಪ್ಪನೋರೆ. ಹಡಗು ಗುಜರಿಗೆ ಹೋಯ್ತು ಅಂತ ಎಷ್ಟು ವರ್ಷ ಸಂಕಟ ಪಟ್ಟಿದೀನಿ. ಇಲ್ಲಿ ನೋಡಿದ್ರೆ ಅದಕ್ಕೆ ವರ್ಷಾ ವರ್ಷ ಹೋಳಿಗೆ ಊಟ! ನನ್ನತ್ರ ಬಂದ್ರೆ ಜೇಬಲ್ಲಿ ಬಿದ್ದಿರತ್ತೆ. ಇವಳತ್ರ ಬಂದ್ರೆ ಪ್ಲಾಸ್ಟಿಕ್ ಒಳಗೆ. ಇಲ್ಲೇ ಇರ್ಲಿ.”

ನನಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಆಲ್ಬಮ್ ತೆಗೆದು, ಬದಲಿಗೆಂದು ತಂದಿದ್ದ ನೆಲೆಯ ಬಿಲ್ಲೆಯನ್ನು ಬಿಡಿಸಿದೆ. ಕೊಡುವುದೋ ವಾಪಸು ಒಯ್ಯುವುದೋ ಎಂದು ಒಂದು ನಿಮಿಷ ಕೈಯಲ್ಲೇ ಹಿಡಿದಿದ್ದೆ. ಕೂತ ದೇವರನ್ನು ಕದಲಿಸುವಂತಿಲ್ಲ, ಪಕ್ಕಕ್ಕೆ ಇನ್ನೊಂದನ್ನು ಕೂರಿಸಬಹುದಲ್ಲ. ಚಕ್ರವಾಕದ ಪಕ್ಕದಲ್ಲಿ ಇಟ್ಟುಬಿಟ್ಟೆ. ಗಿರಿಜಮ್ಮ ಮರುಕ್ಷಣವೇ ಅದಕ್ಕೂ ಗಂಧ ಹಚ್ಚಿ ಕುಂಕುಮ ಒತ್ತಿದರು, ಒಣಗಿದ್ದ ಚಕ್ರವಾಕಕ್ಕೂ ಇನ್ನೊಮ್ಮೆ ಹಚ್ಚಿದರು. ಇಷ್ಟು ವರ್ಷ ಒಂದು ಧೂಳಿನ ಕಣ ಬೀಳದಂತೆ ನೋಡಿಕೊಂಡಿದ್ದೆ! ಕಣ್ಣು ಮುಚ್ಚಿಕೊಂಡೆ, ಬಿಟ್ಟಾಗ ಅದು ಅಲ್ಲಿಯದೇ ಎಂಬ ಹಾಗೆ ಕೂತಿತ್ತು. ರುದ್ರಪ್ಪನವರು ಕೈ ಮುಗಿದರು. ಅಣ್ಣ ಇನ್ನೊಮ್ಮೆ ಬಗ್ಗಿ ಹೆಬ್ಬೆರಳಿನಿಂದ ಚಕ್ರವಾಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಸಂಜೆಯ ಬಸ್ಸಿನಲ್ಲಿ ಹಾರಗಳೆಲ್ಲ ಬಾಡಿದ್ದವು. ಜನ ಕಡಿಮೆ, ಗಾಳಿ ತಂಪು. ಅಣ್ಣ ಬಲಗೈಯನ್ನು ಮುಷ್ಟಿ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದ.

“ಪುಸ್ತಕ ತೆಗಿಯೆ” ಎಂದ.

“ಯಾಕೆ?”

“ತೆಗಿ ಅಂದ್ರೆ ತೆಗಿ. ಖಾಲಿ ಪುಟ.”

ತೆಗೆದೆ. ಪುಟದ ಮೇಲೆ ಕೈಯಾಡಿಸಿ ಅಂದಾಜು ಮಾಡಿಕೊಂಡ. ಮುಷ್ಟಿ ಬಿಚ್ಚಿದ. ಹೆಬ್ಬೆರಳು ಕೆಂಪಗೆ, ಗಂಧ ಕುಂಕುಮ ಕಲೆತು ಇನ್ನೂ ಹಸಿಯಾಗಿತ್ತು. ಹಳೆಯ ಕಾಲದವರು ಹೆಬ್ಬೆಟ್ಟು ಒತ್ತುವ ಹಾಗೆ ನನ್ನ ಬಿಳಿಯ ಪುಟದ ಮೇಲೆ ಒತ್ತಿದ. ‘ಚಕ್ರವಾಕ’ ಎಂದು ನಾನು ಬರೆದಿದ್ದರ ಸರಿಯಾಗಿ ಮೇಲೆ.

“ತಗೋ. ಬದ್ಲಿಗೆ ಬದ್ಲಿ” ಎಂದ. “ಗದರು ಈಗ.”

ಗದರಲಿಲ್ಲ. ಗುರುತು ಒಣಗುವವರೆಗೆ ಪುಟ ಮುಚ್ಚದೆ, ಗಾಳಿಗೆ ಸೆರಗು ಅಡ್ಡ ಹಿಡಿದು, ತುಂಗೆಯ ಸೇತುವೆ ಬರುವತನಕ ಹಾಗೆಯೇ ಕೂತಿದ್ದೆ.