ಮುಟ್ಟಿದ ಮೇಲೂ ಓಡುವ ಆಟ

2004ರ ಜೂನ್‌ನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಸರಸ್ವತಿಪುರಂನ ಮೈದಾನವೊಂದರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಟ ಶುರುವಾಯಿತು. ಆಡಿದ ಕೆಲವರಲ್ಲಿ ನಾನೊಬ್ಬ.

ಆಗ ನಾನು ಊರಿನ ಪತ್ರಿಕೆಯೊಂದರಲ್ಲಿ ಕ್ರೀಡಾಪುಟದ ಉಪಸಂಪಾದಕ. ಅದೇ ಬಡಾವಣೆಯಲ್ಲಿ ಕೋಣೆ ಹಿಡಿದು ಒಬ್ಬನೇ ಇದ್ದೆ. ಎಲ್ಲರೂ ಮನೆಗೆ ಮರಳುವ ಹೊತ್ತಿಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಮೆಸ್ಸಿನವನು "ಸಾರು ಹಾಕ್ಲಾ?" ಎಂದು ಕೇಳುವುದೇ ಹಗಲಿನ ಮಾತುಕತೆ. ವಾರದಲ್ಲಿ ಒಂದು ದಿನವಾದರೂ ನಾಲ್ಕು ಜನರ ನಡುವೆ ಇರಬೇಕೆಂಬುದು ನನ್ನ ಆಸೆಯಾಗಿತ್ತು. ಆಟ ಯಾವುದಾದರೂ ಆಗಬಹುದಿತ್ತು.

ಆಟ ತಂದವರು ಪಕ್ಕದ ಕೋಣೆಯವರು, ಕಡಕೊಳದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಹೊಸತರಲ್ಲಿ ಟೀವಿಯಲ್ಲಿ ಇದನ್ನು ನೋಡಿ ಹುಚ್ಚು ಹಿಡಿಸಿಕೊಂಡವರು. ಒಂದು ದಿನ ನನ್ನ ಬಾಗಿಲು ಬಡಿದರು.

"ಎಷ್ಟೊತ್ತು ಅಂತ ಗೋಡೆ ನೋಡ್ತೀರ ಕಣ್ರೀ? ಬನ್ನಿ, ಓಡೋಣ."

ಚೆಂಡಿಗಾಗಿ ದೇವರಾಜ ಮೊಹಲ್ಲಾಕ್ಕೆ ಹೋದೆವು. ಕ್ರೀಡಾ ಸಾಮಗ್ರಿ ಅಂಗಡಿಯ ಯಜಮಾನರು ತರಿಸಿಕೊಟ್ಟದ್ದು ರಗ್ಬಿ ಚೆಂಡು. "ಎರಡು ಕಡೆ ಚೂಪಿದ್ರೆ ಸಾಕಲ್ವಾ ಸ್ವಾಮಿ?" ಎಂದರು. ಬೆರಳಿಗೆ ಹಿಡಿತ ಸಿಗಲೆಂದು ಅದರ ಮೇಲೆ ಚರ್ಮದ ಪಟ್ಟಿ ಅಂಟಿಸಿಕೊಂಡೆವು.

ಆಟಗಾರರು ಸಿಕ್ಕಿದ್ದು ಅದೇ ಮೈದಾನದ ಖೋಖೋ ತಂಡದಿಂದ. ಅವರಲ್ಲೊಬ್ಬ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗುವ ಆಸೆಯಿತ್ತು. ಅವನಷ್ಟು ವೇಗವಾಗಿ ಓಡುವವರು ನಮ್ಮಲ್ಲಿ ಬೇರೆ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಬೆಂಗಳೂರಿನಿಂದ ಇದೇ ಆಟ ಆಡುವ ವಿದ್ಯಾರ್ಥಿಗಳ ತಂಡವೊಂದು ಬಂತು. ಪಂದ್ಯದ ಕೊನೆಯ ಹೊತ್ತಿಗೆ ಚೆಂಡು ಪಾತ್ರೆ ಅಂಗಡಿಯವನ ಕೈಗೆ ಸಿಕ್ಕಿತು. ಎದುರಿಗೆ ಯಾರೂ ಇರಲಿಲ್ಲ. ದಾಟಿದರೆ ಅಂಕ ಸಿಗುವ ಗೆರೆ ಹತ್ತಿರವಿತ್ತು. ಹಿಂದಿನಿಂದ ಓಡಿ ಬಂದವನ ಬೆರಳು ಅವನ ಬೆನ್ನಿಗೆ ತಗುಲಿತು, ಅಷ್ಟೆ. ಅವನು ನಿಂತ. ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು, ತಲೆ ತಗ್ಗಿಸಿ ಅಂಕಣದಿಂದ ಹೊರಗೆ ನಡೆದ. ಎದುರಾಳಿ ಕ್ಷಣ ತಬ್ಬಿಬ್ಬಾಗಿ, ಚೆಂಡೆತ್ತಿಕೊಂಡು ಓಡಿದ. ನಾವು ಸೋತೆವು.

"ಯಾಕೋ ಬುಟ್ಬುಟ್ಟೆ?" ಎಂದು ಮೇಲ್ವಿಚಾರಕರು ಕೂಗಿದರು.

"ಮುಟ್ಟಿದ್ನಲ್ಲಾ ಸಾರ್. ಔಟು."

"ಮುಟ್ಟಿದ್ರೆ ಏನೂ ಆಗಲ್ಲ ಕಣೋ. ಕೆಡವ್ಬೇಕು!"

"ಮುಟ್ಟಿದ್ದು ನಂಗೇ ಗೊತ್ತಾದ್ಮೇಲೆ ಎಂಗ್ ಸಾರ್ ಓಡೋದು?"

ಅವನ ಖೋಖೋ ಮೇಷ್ಟ್ರು ಕಲಿಸಿದ್ದು ಅದನ್ನೇ. ಬೆರಳು ತಗುಲಿದರೆ ಅಂಪೈರ್ ಸೀಟಿಗೆ ಕಾಯಬಾರದು, ತಾನಾಗಿ ಹೊರಗೆ ಬರಬೇಕು.

ಆಮೇಲಿನ ಭಾನುವಾರಗಳಲ್ಲಿ ನಾವು ಆ ಅಭ್ಯಾಸ ಬಿಡಿಸಿದೆವು. ಅವನು ಓಡುತ್ತಿದ್ದ, ನಾನು ಹಿಂದಿನಿಂದ ಮುಟ್ಟುತ್ತಿದ್ದೆ. ಮೊದಮೊದಲು ನಿಲ್ಲುತ್ತಿದ್ದ. ಆಮೇಲೆ ಬೈಸಿಕೊಂಡು ಓಡಿದ. "ಸಾರ್ ಕೈ ತಣ್ಣಗೈತೆ, ಅದಕ್ಕೇ ಬೆಚ್ಚಿಬೀಳ್ತೀನಿ" ಎಂದು ಉಳಿದವರನ್ನು ನಗಿಸುತ್ತಿದ್ದ. ಆಟ ಮುಗಿದ ಮೇಲೆ ಎಲ್ಲರೂ ಸೇರಿ ಸೆಟ್ ದೋಸೆ ತಿನ್ನುತ್ತಿದ್ದೆವು. ಚಳಿಗಾಲ ಬರುವ ಹೊತ್ತಿಗೆ ಎಷ್ಟು ಜನ ಮುಟ್ಟಿದರೂ ಅವನು ನಿಲ್ಲುತ್ತಿರಲಿಲ್ಲ.

ಮರುವರ್ಷ ರಾಜ್ಯ ತಂಡಕ್ಕೆ ಖೋಖೋ ಆಯ್ಕೆ ಪಂದ್ಯ ನಡೆಯಿತು; ಪೊಲೀಸ್ ಕೋಟಾಕ್ಕೆ ಅದೇ ದಾರಿ. ವರದಿಗೆಂದು ನಾನು ಹೋಗಿದ್ದೆ. ಅಟ್ಟಿಸಿಕೊಂಡು ಬಂದವನ ಕೈ ಅವನ ಹೆಗಲಿಗೆ ಬಡಿಯಿತು. ಅವನು ಓಡುತ್ತಲೇ ಇದ್ದ. ಸೀಟಿ ಊದಿದರೂ ಕಂಬದವರೆಗೆ ಓಡಿದ. ಜನ "ಓಹೋ" ಎಂದು ಕೂಗಿದರು. ಅಲ್ಲಿ ನಿಂತು, ತಿರುಗಿ, ಮೊದಲು ನೋಡಿದ್ದು ನನ್ನನ್ನು. ಆ ವರ್ಷ ಅವನ ಆಯ್ಕೆಯಾಗಲಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಬಂದರು. ಚಪ್ಪಲಿ ಕಳಚಿ ಅಂಕಣದ ಹೊರಗೇ ನಿಂತರು.

"ನಿಮ್ಮಾಟ ನೀವು ಆಡ್ಕೊಳಿ ಸಾರ್, ತಪ್ಪು ಅನ್ನಲ್ಲ. ನನ್ನ ಹುಡುಗ್ರನ್ನ ಮಾತ್ರ ಬುಟ್ಬುಡಿ."

ಮೇಲ್ವಿಚಾರಕರು ಚೆಂಡನ್ನೆತ್ತಿ ಚೀಲಕ್ಕೆ ಹಾಕಿಕೊಂಡರು.

ಅಲ್ಲಿಂದ ಮುಂದೆ ಉಳಿದವರು ನಾವಿಬ್ಬರೇ. ಒಬ್ಬರು ಎಸೆದರೆ ಇನ್ನೊಬ್ಬರು ಹಿಡಿಯುವುದು. 2006ರಲ್ಲಿ ಅವರಿಗೆ ಹೊಸೂರಿಗೆ ವರ್ಗವಾಯಿತು. ಚೆಂಡನ್ನು ನನ್ನ ಕೋಣೆಯಲ್ಲಿ ಬಿಟ್ಟು ಹೋದರು. ಭಾನುವಾರ ನಾನು ಅದನ್ನು ಮೈದಾನದ ಈ ತುದಿಯಿಂದ ಎಸೆದು, ನಡೆದು ಹೋಗಿ ಎತ್ತಿಕೊಂಡು, ಆ ತುದಿಯಿಂದ ಎಸೆಯುತ್ತಿದ್ದೆ. ಬೆಂಗಳೂರಿನಲ್ಲಿ ಈ ಆಟ ಆಡುವವರು ಹೆಚ್ಚುತ್ತಿದ್ದಾರೆಂಬ ಸುದ್ದಿ ಒಮ್ಮೊಮ್ಮೆ ನನ್ನ ಮೇಜಿಗೆ ಬರುತ್ತಿತ್ತು. ಪುಟದಲ್ಲಿ ಜಾಗವಿದ್ದರೆ ಹಾಕುತ್ತಿದ್ದೆ.

2009ರ ದಸರಾ ಹತ್ತಿರವಿದ್ದಾಗ ಮಾರುಕಟ್ಟೆಯ ಬಳಿ ಪಾತ್ರೆ ಅಂಗಡಿಯವನು ಸಿಕ್ಕಿದ. ಖಾಕಿಯಲ್ಲಿದ್ದ. ಎರಡನೆಯ ಪ್ರಯತ್ನದಲ್ಲಿ ಖೋಖೋ ತಂಡಕ್ಕೆ ಆಯ್ಕೆಯಾಗಿ, ಪೊಲೀಸ್ ಸೇರಿದ್ದನಂತೆ.

"ಚೆಂಡು ಐತಾ ಸಾರ್ ಇನ್ನೂ?"

"ಇದೆ."

"ಈ ಭಾನುವಾರ ಬಂದ್ಬುಡ್ತೀನಿ. ಮುಟ್ಟಿ ನೋಡಿ, ನಿಂತ್ರೆ ಕೇಳಿ."

ಆ ಭಾನುವಾರ ಚೆಂಡಿಗೆ ಗಾಳಿ ಹಾಕಿಸಿಕೊಂಡು ಮೈದಾನಕ್ಕೆ ಹೋದೆ. ಅವನಿಗೆ ದಸರಾ ಬಂದೋಬಸ್ತ್ ಬಿದ್ದಿತ್ತು.