ಹಮೀದಾ ಬೀ ಬಿಚ್ಚದ ಕಾಗದ

ಹಗರಿಬೊಮ್ಮನಹಳ್ಳಿಯ ಕರಕುಶಲ ಕೇಂದ್ರದಲ್ಲಿ ಹಮೀದಾ ಬೀ ಹತ್ತು ವರ್ಷ ಹುಡುಗಿಯರಿಗೆ ಕಾಗದದ ಕೆಲಸ ಕಲಿಸಿದಳು. ಆ ಕೆಲಸ ಅವಳಿಗೆ ಕೊಡಿಸಿದ್ದು ಯಾರು ಎಂದು ಕೇಳಿದರೆ ನಾನೇ ಎಂದು ಎದೆ ತಟ್ಟಿಕೊಂಡು ಹೇಳುತ್ತೇನೆ. ಅದರಲ್ಲಿ ಅರ್ಧ ಸುಳ್ಳಿದೆ. ನನ್ನ ಸಿಟ್ಟು ಆವತ್ತೊಂದು ದಿನ ಉಪಯೋಗಕ್ಕೆ ಬಂತು, ಅಷ್ಟೇ. ಉಳಿದ ದಿನಗಳಲ್ಲಿ ಅದರಿಂದ ಯಾರಿಗೂ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

ನಾನು ಹರಪನಹಳ್ಳಿಯವಳು, ಹೆಸರು ಅನ್ನದಾನಮ್ಮ. ಎಪ್ಪತ್ತಾರರಲ್ಲಿ ಗ್ರಾಮಸೇವಿಕೆಯಾಗಿ ಈ ಊರಿಗೆ ವರ್ಗವಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಮಸ್ತಾನಸಾಬನ ಮನೆಯ ಪಕ್ಕದ ಕೋಣೆ. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಸೈಕಲ್ ಅಂಗಡಿ. ಹಮೀದಾ ಬೀ ಅವನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ಅವಳು ತವರಿಗೆ ಬಂದಳು. ಆಮೇಲೆ ಅಪ್ಪನೂ ಹೋದ. ತವರು ಮನೆ ಎನ್ನುವುದು ತಮ್ಮನ ಮನೆಯಾಯಿತು. ಮಸ್ತಾನಸಾಬ ಒಳ್ಳೆಯ ಮನುಷ್ಯ, ಅವನ ಹೆಂಡತಿಯೂ ಗುಣವಂತೆ. ಕಥೆ ಹೇಳುವವರಿಗೆ ಅನುಕೂಲವಾಗಲಿ ಎಂದು ಅವರನ್ನು ಕೆಟ್ಟವರನ್ನಾಗಿ ಮಾಡಲು ನನ್ನಿಂದಾಗದು.

ನಮ್ಮ ಓಣಿಯ ಪೀರಲ ಮಸೂತಿಯಲ್ಲಿ ಮೊಹರಂ ಬಂತೆಂದರೆ ತಾಬೂತು ಕಟ್ಟುತ್ತಿದ್ದರು. ಬಿದಿರಿನ ಸೀಳುಗಳಿಂದ ಗೋಪುರದಂಥ ಚೌಕಟ್ಟು ಕಟ್ಟಿ, ಅದಕ್ಕೆ ಬಣ್ಣದ ಕಾಗದ, ಬೇಗಡೆ ಅಂಟಿಸುತ್ತಿದ್ದರು. ಚೌಕಟ್ಟು ಕಟ್ಟುವವನು ಮಸ್ತಾನಸಾಬ. ಸುತ್ತ ನಾಲ್ಕು ಸಾಲಿನಲ್ಲಿ ಕಾಗದದ ಫರಿಶ್ತೆಗಳ ಮಾಲೆ ತೂಗುತ್ತಿತ್ತು. ಫರಿಶ್ತೆ ಎಂದರೆ ರೆಕ್ಕೆಯ ದೇವದೂತರು. ಓಣಿಯ ನಮ್ಮ ಜನ ಅವನ್ನು ರೆಕ್ಕಿಗೊಂಬಿ ಎನ್ನುತ್ತಿದ್ದರು. ಎಲ್ಲಾ ಜಾತಿಯ ಹೆಂಗಸರೂ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, "ಮಸ್ತಾನಸಾಬ ಈ ಸಲಾನೂ ಏನ್ ಚೆಂದ ಮಾಡ್ಯಾನ ನೋಡ್ರಿ" ಎಂದು ಹೊಗಳಿ ಹೋಗುತ್ತಿದ್ದರು. ಆ ಫರಿಶ್ತೆಗಳನ್ನು ಕತ್ತರಿಸಿದವಳು ಹಮೀದಾ ಬೀ ಎಂದು ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಅದೂ ಅವಳು ಹೇಳಿದ್ದಲ್ಲ. ಅವರ ಮನೆಯ ಕಸದಲ್ಲಿ ಗುಲಾಬಿ ಬಣ್ಣದ ಕಾಗದದ ಚೂರುಗಳನ್ನು ನೋಡಿ ನಾನೇ ಪತ್ತೆ ಮಾಡಿದ್ದು. ಹತ್ತನೇ ದಿನ ತಾಬೂತು ನೀರಿಗೆ ಹೋಗುತ್ತಿತ್ತು. ಅವಳ ಇಡೀ ವರ್ಷದ ಕೈಕೆಲಸವೂ ಅದರ ಜೊತೆ ಹೋಗುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮಸ್ತಾನಸಾಬ ಅಂಗಡಿಯನ್ನು ಕೂಡ್ಲಿಗಿಗೆ ಸಾಗಿಸುವುದೆಂದು ತೀರ್ಮಾನಿಸಿದ. ಅಲ್ಲಿ ಹೆದ್ದಾರಿ, ಹಗಲೂ ರಾತ್ರಿ ಲಾರಿ, ಟಯರು ಪಂಚರಿನ ಕೆಲಸಕ್ಕೆ ಬರವಿಲ್ಲ. ಮನೆಮಂದಿಯೆಲ್ಲ ಹೊರಡುವುದೆಂದಾಯಿತು. ಹಮೀದಾ ಬೀಯನ್ನು ಯಾರೂ ಕೇಳಲಿಲ್ಲ. ಪಾತ್ರೆ ಪರಡೆ ಹೋದಲ್ಲಿಗೆ ಅಕ್ಕನೂ ಬರುತ್ತಾಳೆ ಎಂದು ಅವರ ಲೆಕ್ಕ.

ಒಂದು ದಿನ ಅಕ್ಕಿ ಆರಿಸುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು: "ತಮ್ಮನ ಮನ್ಯಾಗ ನನಗ ಯಾವುದಕ್ಕೂ ಕೊರತಿ ಇಲ್ರಿ ಅಕ್ಕಾರ. ಆದ್ರ ಅದು ತಮ್ಮನ ಮನಿ. ಇಲ್ಲೇ ಒಂದು ಕೋಣಿ ಇದ್ದಿದ್ರ ನಾನು ಇಲ್ಲೇ ಇರ್ತಿದ್ನಿ."

ಅದೇ ತಿಂಗಳು ನಮ್ಮ ಕಚೇರಿಗೆ ಆದೇಶ ಬಂತು. ಊರಿನಲ್ಲಿ ಹೆಣ್ಣುಮಕ್ಕಳಿಗೊಂದು ಕರಕುಶಲ ಕೇಂದ್ರ ತೆರೆಯುವುದು, ಒಬ್ಬ ಶಿಕ್ಷಕಿ, ತಿಂಗಳ ಗೌರವಧನ. ಒಂದು ಕೋಣೆಯ ಬಾಡಿಗೆ ಕೊಟ್ಟು ಒಂದು ಹೊಟ್ಟೆ ತುಂಬಿಸಿಕೊಳ್ಳಲು ಸಾಕು. ಓದಲು ಬರೆಯಲು ಬಂದರೆ ಆಯಿತು, ಕೈಕೆಲಸವನ್ನು ಅಧಿಕಾರಿಯ ಎದುರಿಗೇ ಮಾಡಿ ತೋರಿಸಬೇಕು. ನಾನು ಅರ್ಜಿ ತಂದು, ತುಂಬಿ, ಅವಳ ಮುಂದೆ ಹಿಡಿದೆ.

"ನನಗೇನ್ ಬರತೈತ್ರಿ ಅಕ್ಕಾರ, ಕಾಗದ ಕತ್ತರಿಸೋದೊಂದ ಬರತೈತಿ."

"ಅದನ್ನ ಮಾಡು. ಸಹಿ ಹಾಕು ಮೊದಲು. ಹಾಕದಿದ್ರೆ ನಾನೇ ಹೆಬ್ಬೆಟ್ಟು ಒತ್ತಿಸ್ತೀನಿ ನೋಡು."

ಹಾಕಿದಳು. ಮಸ್ತಾನಸಾಬನೂ ಅಡ್ಡ ಬರಲಿಲ್ಲ. "ಕೆಲಸ ಸಿಕ್ರ ಇರಲಿ, ಸಿಗಲಿಲ್ಲ ಅಂದ್ರ ನಮ್ಮ ಕೂಡ ಬರ್ತಾಳ" ಎಂದ. ಅಲ್ಲಿಗೆ ಎಲ್ಲವೂ ಆ ಪರೀಕ್ಷೆಯ ಮೇಲೆ ನಿಂತಿತು.

ಪರೀಕ್ಷೆಯ ದಿನ ಜಿಲ್ಲೆಯಿಂದ ಒಬ್ಬ ಸಾಹೇಬರು ಬಂದರು. ಮೈಸೂರು ಕಡೆಯವರು, ಕನ್ನಡಕ, ಕೈಯಲ್ಲಿ ಗಡಿಯಾರ, ಮಧ್ಯಾಹ್ನದ ಬಸ್ಸಿನ ಮೇಲೆಯೇ ಕಣ್ಣು. ಅಭ್ಯರ್ಥಿಗಳು ಮೂವರು. ಒಬ್ಬಳು ಉಣ್ಣೆಯ ಟೋಪಿ ಹೆಣೆಯಲು ಕೂತು, ಹೊತ್ತು ಮುಗಿಯುವಷ್ಟರಲ್ಲಿ ಕಿವಿಯ ತನಕ ಮಾತ್ರ ಬಂದಳು. ಇನ್ನೊಬ್ಬಳು ಪಾಲಮ್ಮ. ಪ್ಲಾಸ್ಟಿಕ್ ವಯರಿನಲ್ಲಿ ಹಸಿರು ಬಿಳಿ ಬುಟ್ಟಿ ಹೆಣೆದಳು. ಅರ್ಧ ಮನೆಯಲ್ಲೇ ಹೆಣೆದು ತಂದಿದ್ದಳೆಂದು ನನ್ನ ಅನುಮಾನ. ಆದರೆ ಬುಟ್ಟಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಹಮೀದಾ ಬೀ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ಗಾಳಿಪಟದ ಗುಲಾಬಿ ಕಾಗದವನ್ನು ಬೀಸಣಿಗೆಯ ಹಾಗೆ ಮಡಿಕೆಯ ಮೇಲೆ ಮಡಿಕೆ ಮಡಿಸಿದಳು. ಉಗುರಿನಿಂದ ಒಮ್ಮೆ ತೀಡಿದಳು. ಪೆನ್ಸಿಲ್ ಮುಟ್ಟಲಿಲ್ಲ. ಕತ್ತರಿ ನಿಂತಲ್ಲೇ ಇರುತ್ತಿತ್ತು, ಕಾಗದವೇ ತಿರುಗುತ್ತಿತ್ತು. ಸಾಸಿವೆಯಷ್ಟು ಸಣ್ಣ ಚೂರುಗಳು ಮಡಿಲಿಗೆ ಉದುರಿದವು. ಕಾಲು ಗಂಟೆಯೂ ಆಗಿರಲಿಲ್ಲ. ಎದ್ದು, ಆ ಮಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದಿಟ್ಟು, ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತಳು.

ಮೇಜಿನ ಮೇಲಿದ್ದದ್ದು ಬೆರಳುದ್ದದ, ಅಂಚೆಲ್ಲ ಇಲಿ ಕಡಿದಂತಿದ್ದ ಒಂದು ಕಾಗದದ ಕಟ್ಟು. ಸಾಹೇಬರು ಅದನ್ನು ನೋಡಿದರು, ಅವಳ ಬೆನ್ನನ್ನು ನೋಡಿದರು. ಮುಂದೇನಾದರೂ ಮಾಡುತ್ತಾಳೆಂದು ಕಾದರು. ಅವಳೂ ಕಾದಳು. ನಾನು ಬಾಗಿಲಲ್ಲಿ ನಿಂತು ಉಗುರು ಕಡಿಯುತ್ತಿದ್ದೆ.

"ಇಷ್ಟೇನಾಮ್ಮಾ?"

"ಹೌದ್ರಿ."

ಸಾಹೇಬರು ಅವಳ ಹೆಸರಿನ ಮುಂದೆ ಏನೋ ಬರೆದರು. ಜವಾನ ಓಬಣ್ಣ ಅವರ ಹಿಂದಿನಿಂದ ಇಣುಕಿ ನೋಡಿ, ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "'ಅಪೂರ್ಣ' ಅಂತ ಬರದಾರ್ರಿ ಅಕ್ಕಾರ."

ನನಗೆ ಮೈಯೆಲ್ಲ ಉರಿದುಹೋಯಿತು. ಹಮೀದಾ ಬೀ ಹೊರಗೆ ಬರುತ್ತಲೇ ಅವಳ ರಟ್ಟೆ ಹಿಡಿದು ಪಡಸಾಲೆಯ ಮೂಲೆಗೆ ಎಳೆದೆ. "ಏನ್ ಮಾಡಿದಿ ನೀನು? ಅರ್ಧಕ್ಕೇ ಯಾಕೆ ಬಿಟ್ಟಿ? ನಿನಗೋಸ್ಕರ ನಾನು ಊರೆಲ್ಲ ಓಡಾಡಿದ್ದು ಇದಕ್ಕೇನು?"

"ಮುಗಿಸೀನಲ್ರಿ ಅಕ್ಕಾರ."

"ಬಿಚ್ಚಲೇ ಇಲ್ಲಲ್ಲ!"

ಅವಳು ನನ್ನನ್ನೇ ಆಶ್ಚರ್ಯದಿಂದ ನೋಡಿದಳು. "ನಂದು ನಾನು ಬಿಚ್ಚಂಗಿಲ್ರಿ. ಅವರು ಬಿಚ್ಚಲಿಲ್ಲೇನು?"

ಆಗ ಗೊತ್ತಾಯಿತು. ಅದು ಅವರ ಮನೆತನದ ಪದ್ಧತಿ. ಕತ್ತರಿಸಿದವರು ಕಾಗದ ಬಿಚ್ಚುವುದಿಲ್ಲ. ಮಡಿಕೆಯನ್ನು ಹಾಗೇ ಮಸೂತಿ ನೋಡಿಕೊಳ್ಳುವ ಮುಜಾವರರ ಕೈಗೆ ಕೊಟ್ಟು, ಸರಿದು, ಗೋಡೆಯ ಕಡೆ ತಿರುಗಿ ನಿಲ್ಲುವುದು. ಅವರು ಬಿಚ್ಚಿ, ನೋಡಿ, ತಾಬೂತಿಗೆ ಕಟ್ಟುತ್ತಾರೆ. ಅವಳ ಅಪ್ಪ ಬದುಕಿರುವ ತನಕ ಕತ್ತರಿ ಅವನ ಕೈಯಲ್ಲಿತ್ತು, ಅವನು ಸತ್ತ ಮೇಲೆ ಅವಳ ಕೈಗೆ ಬಂತು.

"ಮಾಡಿದವರ ಕಣ್ಣಿಗೆ ಮೊದಲು ಬಿದ್ರ ತಲಿಗೆ ಏರತೈತಿ ಬೇಟಿ ಅಂತಿದ್ರು ಅಬ್ಬಾ. ಮೊದಲ ನೋಟ ನಮ್ಮದಲ್ರಿ."

"ಬಿಚ್ಚಿ ನೋಡ್ರಿ ಅಂತ ಸಾಹೇಬರಿಗೆ ಒಂದು ಮಾತು ಹೇಳೋಕೇನಾಗಿತ್ತು?"

"ಚೆಂದ ಮಾಡೀನಿ ನೋಡ್ರಿ ಅಂದಂಗ ಆಗಂಗಿಲ್ಲೇನ್ರಿ ಅದು?"

ಇಂಥವಳಿಗೆ ಏನು ಹೇಳುವುದು? ಕೈಯಲ್ಲಿ ಕೊಟ್ಟ ಕಾಗದವನ್ನು ಯಾರೇ ಆದರೂ ಬಿಚ್ಚಿಯೇ ಬಿಚ್ಚುತ್ತಾರೆ ಎಂದುಕೊಂಡವಳು ಅವಳು. ಮಾಡಿದವರೇ ಬಿಚ್ಚಿ ಹರವಿ ತೋರಿಸುತ್ತಾರೆ ಎಂದುಕೊಂಡವರು ಅವರು. ನಡುವೆ ಕಾಗದ ಮುಚ್ಚಿಕೊಂಡೇ ಕೂತಿತ್ತು.

ನಾನು ಒಳಗೆ ನುಗ್ಗಿದೆ. ಸಾಹೇಬರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಪಟ್ಟಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. "ಸರ್, ಒಂದು ನಿಮಿಷ" ಎಂದವಳೇ ಮೇಜಿನ ಮೂಲೆಯಲ್ಲಿದ್ದ ಮಡಿಕೆಯನ್ನು ತೆಗೆದುಕೊಂಡೆ. ಎರಡು ತುದಿ ಹಿಡಿದು ಮೆಲ್ಲಗೆ ಎಳೆದೆ.

ಎಂಟು ಫರಿಶ್ತೆಗಳು ಕೈ ಕೈ ಹಿಡಿದು ಹೊರಗೆ ಬಂದವು. ರೆಕ್ಕೆಯ ಗರಿ ಒಂದೊಂದೂ ಬಿಡಿಬಿಡಿ. ನಿಲುವಂಗಿಯ ಅಂಚಿಗೆ ಜಾಲರಿ. ಮುಖ ಮಾತ್ರ ಖಾಲಿ, ಕಣ್ಣು ಮೂಗು ಇಲ್ಲ. ಕಿಟಕಿಯ ಬಿಸಿಲು ಕಾಗದದ ಮೂಲಕ ಸಾಹೇಬರ ಬಿಳಿ ಅಂಗಿಯ ಮೇಲೆ ಬಿದ್ದು, ಅಂಗಿ ಗುಲಾಬಿಯಾಯಿತು. ಮಸೂತಿಯಲ್ಲಿ ದೂರದಿಂದ ಮೂರು ವರ್ಷ ನೋಡಿದ್ದೆ. ನನ್ನ ಕೈಯಲ್ಲೇ ಬಿಚ್ಚಿಕೊಂಡಾಗ ಆದ ಸಂತೋಷವೇ ಬೇರೆ.

ಸಾಹೇಬರು ಕೈ ಒರೆಸಿಕೊಂಡು ಎದ್ದು ನಿಂತರು. "ಆಯಮ್ಮನನ್ನ ಕರೀರಿ" ಎಂದರು.

ಹಮೀದಾ ಬೀ ಬಂದಳು. ನಾನು ಪದ್ಧತಿಯನ್ನು ವಿವರಿಸಿದೆ. ಸಾಹೇಬರು ಕೇಳಿಸಿಕೊಂಡರು, ತಲೆಯಾಡಿಸಿದರು. ಆದರೆ ಅವರೂ ತಮ್ಮ ಕೆಲಸ ಮಾಡಬೇಕಲ್ಲ. "ಕೆಲಸ ಚೆನ್ನಾಗಿದೆ ಕಣಮ್ಮ. ಆದರೆ ನಮಗೆ ಬೇಕಾಗಿರೋದು ಕಲಿಸೋರು. ಬಿಚ್ಚಿ ತೋರಿಸದೆ ಹೇಗೆ ಕಲಿಸ್ತೀಯಾ? ಇನ್ನೊಂದು ಮಾಡು, ನೀನೇ ಬಿಚ್ಚಿ ತೋರಿಸು. ಈಗಲೇ ನಿನ್ನ ಹೆಸರು ಬರೀತೀನಿ."

ಅವಳು ಕೂತು ಇನ್ನೊಂದು ಕಾಗದ ಮಡಿಸಿದಳು, ಕತ್ತರಿಸಿದಳು. ಹೆಬ್ಬೆರಳು ಮಡಿಕೆಯ ತುದಿಗೆ ಬಂದು ನಿಂತಿತು. ನಾನು, ಓಬಣ್ಣ, ಸಾಹೇಬರು ಮೂವರೂ ಆ ಹೆಬ್ಬೆರಳನ್ನೇ ನೋಡುತ್ತಿದ್ದೆವು. ಒಂದು ಎಳೆತ ಎಳೆದರೆ ಅವಳಿಗೊಂದು ಕೋಣೆ, ಅವಳದೇ ಒಲೆ. ಎಳೆಯೇ ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

ಅವಳು ಮಡಿಕೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ಆಗಂಗಿಲ್ರಿ ಸಾಹೇಬ್ರ."

ಅವಳನ್ನು ಅಲ್ಲೇ ಚಿವುಟಿ ಹಾಕಬೇಕೆನ್ನಿಸಿತು ನನಗೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಅವಳೇ, ಯಾರನ್ನೂ ನೋಡದೆ, ಕೆಳಗೆ ನೋಡುತ್ತ ಮಾತಾಡಿದಳು.

"ಕಲಸೋದು ಆಗಂಗಿಲ್ಲ ಅನ್ನಲಿಲ್ರಿ ನಾನು. ನಂದನ್ನ ಹುಡುಗ್ಯಾರು ಬಿಚ್ಚಲಿ. ಹುಡುಗ್ಯಾರು ಮಾಡಿದ್ದನ್ನ ನಾನು ಬಿಚ್ಚತೀನಿ. ಬ್ಯಾರೇದವರದು ಬಿಚ್ಚಬ್ಯಾಡ ಅಂತ ಅಬ್ಬಾ ಹೇಳಿಲ್ರಿ."

ಸಾಹೇಬರು ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ ಬಗ್ಗಿ, ನೆಲದ ಮೇಲಿದ್ದ ಮಡಿಕೆಯನ್ನು ಎತ್ತಿಕೊಂಡು ತಾವೇ ಬಿಚ್ಚಿದರು. ಅವಳು ಆಗಲೇ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಮೊದಲು ಬರೆದಿದ್ದನ್ನು ಹೊಡೆದುಹಾಕಿದರು. ಅವರ ಮಧ್ಯಾಹ್ನದ ಬಸ್ಸು ತಪ್ಪಿತು. ಪಾಲಮ್ಮ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಳು. ಅವಳ ಸಿಟ್ಟಿನಲ್ಲೂ ನ್ಯಾಯವಿತ್ತು ಎಂದು ಈಗ ಅನ್ನಿಸುತ್ತದೆ.

ಮಸ್ತಾನಸಾಬನ ಸಾಮಾನು ಲಾರಿಯಲ್ಲಿ ಕೂಡ್ಲಿಗಿಗೆ ಹೋಯಿತು. ಅದರಲ್ಲಿ ಹಮೀದಾ ಬೀಯ ಟ್ರಂಕು ಇರಲಿಲ್ಲ. ನನ್ನ ಕೋಣೆಯ ಹಿಂದಿನ ಕೋಣೆ ಅವಳಿಗೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಅವಳು ಒಲೆ ಹಚ್ಚಿ ಚಹಾ ಮಾಡಿ, ನನ್ನನ್ನು ಕರೆದು, ಸಕ್ಕರೆ ಸಾಕೇನ್ರಿ ಎಂದು ಮೂರು ಸಲ ಕೇಳಿದಳು.

ಕೇಂದ್ರ ಶುರುವಾದಾಗ ಹನ್ನೆರಡು ಹುಡುಗಿಯರಿದ್ದರು. ಮೊದಲ ವಾರ ಹಳೆಯ ಪೇಪರಿನಲ್ಲಿ ಮಡಿಸುವುದಷ್ಟೇ. ಎರಡನೇ ವಾರ ಕತ್ತರಿ ಕೊಟ್ಟಳು. ನಾನು ಹಾಜರಿ ಪುಸ್ತಕ ನೋಡುವ ನೆಪದಲ್ಲಿ ಹೋಗಿದ್ದೆ. ಎಲ್ಲರಿಗಿಂತ ಮೊದಲು ಮುಗಿಸಿದವಳು ಸುಂಕಮ್ಮ, ಬಲು ಆತುರದ ಹುಡುಗಿ. ಮಡಿಕೆಯನ್ನು ತಂದು ಹಮೀದಾ ಬೀಯ ಕೈಗೆ ಕೊಟ್ಟು, ಹೇಳಿಕೊಟ್ಟಿದ್ದ ಹಾಗೆ ಹಿಂದೆ ಸರಿದು ಗೋಡೆ ನೋಡುತ್ತ ನಿಂತಳು.

ಹಮೀದಾ ಬೀ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಿಚ್ಚಿದಳು. ಅದೆಂಥ ಫರಿಶ್ತೆಗಳೋ! ರೆಕ್ಕೆ ಒಂದೊಂದೂ ಮೊರದಷ್ಟು ಅಗಲ, ಕುತ್ತಿಗೆಯೇ ಇಲ್ಲ. ಒಂದು ಕಡೆ ಮಡಿಕೆಯ ಅಂಚನ್ನೇ ಕತ್ತರಿಸಿದ್ದರಿಂದ ಇಬ್ಬರ ಕೈ ಬಿಟ್ಟುಹೋಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹಮೀದಾ ಬೀ ನಗಲಿಲ್ಲ. ಆ ಪೇಪರನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ನೋಡುತ್ತಲೇ ಇದ್ದಳು. ಬೈಗುಳ ಬರುತ್ತದೆಂದು ಸುಂಕಮ್ಮ ಕತ್ತು ಕುಗ್ಗಿಸಿಕೊಂಡಳು.

"ಅಕ್ಕಾರ," ಎಂದಳು ಹಮೀದಾ ಬೀ ನನ್ನ ಕಡೆ ತಿರುಗಿ. ಅವಳ ಕಣ್ಣು ತುಂಬಿತ್ತು. "ಬಿಚ್ಚುವಾಗ ಹಿಂಗ ಇರತೈತೇನ್ರಿ?"

ಅಪ್ಪನ ಕಾಲದಲ್ಲಿ ಅಪ್ಪನದನ್ನು ಮುಜಾವರರು ಬಿಚ್ಚಿದರು, ಆಮೇಲೆ ಇವಳದನ್ನೂ ಅವರೇ ಬಿಚ್ಚಿದರು. ಆ ಮನೆಯಲ್ಲೇ ಹುಟ್ಟಿ ಮೂವತ್ತಾರು ವರ್ಷ ದಾಟಿದವಳು, ಮುಚ್ಚಿದ ಕಾಗದ ತೆರೆದುಕೊಳ್ಳುವುದನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. "ಹೂಂ, ಹಿಂಗೇ ಇರುತ್ತೆ" ಎಂದೆ.

ಸುಂಕಮ್ಮ ಆಗಲೇ ಇನ್ನೊಂದು ಕಾಗದ ತೆಗೆದುಕೊಂಡು ಮಡಿಸತೊಡಗಿದ್ದಳು. ಹಮೀದಾ ಬೀ ಅವಳ ಪಕ್ಕದಲ್ಲಿ ಹೋಗಿ ಕೂತು, ಅದು ಮುಗಿಯುವುದನ್ನು ಕಾದಳು.