ಹೆಪ್ಪಿನಂತೆ ಹಂಚಿದ ಪಾಸ್‌ವರ್ಡ್

ಇವತ್ತು ಬೆಳಿಗ್ಗೆ ಹಾಲು ಉಕ್ಕಿಸಿದೆ. ಒಲೆಯ ಮುಂದೆ ನಿಂತುಕೊಂಡೇ ಉಕ್ಕಿಸಿದೆ ಎಂಬುದು ಹೆಂಡತಿಯ ದೂರು. ಕೈಯಲ್ಲಿ ಫೋನಿತ್ತು ಎಂಬುದಕ್ಕೆ ಅವಳೇ ಸಾಕ್ಷಿ. ತೆಪ್ಪಗೆ ಒಲೆ ಒರೆಸುತ್ತಿದ್ದಾಗ, ಆ ಸೀದ ಹಾಲಿನ ವಾಸನೆಗೆ ಬಾಗೂರಿನ ಆಚೆಯ ಒಂದು ಹಳ್ಳಿಯ ಡೈರಿ ನೆನಪಾಯಿತು. ಅಲ್ಲಿ ಕೆಂಪಮ್ಮನವರೂ ಪಾಠ ಕೇಳುತ್ತಾ ಕಾಫಿಗಿಟ್ಟ ಹಾಲನ್ನು ಹೀಗೇ ಮರೆಯುತ್ತಿದ್ದರು.

ಅದು ಹೆಂಗಸರೇ ನಡೆಸುವ ಹಾಲಿನ ಸೊಸೈಟಿ. ಕೆಂಪಮ್ಮ ಅದರ ಕಾರ್ಯದರ್ಶಿ. ಏಳನೇ ಕ್ಲಾಸು ಓದಿದ್ದವರು, ಇಪ್ಪತ್ತು ವರ್ಷದಿಂದ ಅಳತೆಯಲ್ಲಿ ಒಬ್ಬರಿಂದಲೂ ಮಾತು ಕೇಳಿದವರಲ್ಲ. ಡೈರಿಗೆ ಕಂಪ್ಯೂಟರ್ ಬಂತು, ಇಂಟರ್ನೆಟ್ ಬಂತು. ದಿನಾ ಬೆಳಿಗ್ಗೆ ಯಾರು ಎಷ್ಟು ಹಾಲು ಹಾಕಿದರು ಎಂಬ ಪಟ್ಟಿಯನ್ನು ಎಂಟು ಗಂಟೆಯೊಳಗೆ ಮೇಲಿನ ಆಫೀಸಿಗೆ ಕಳಿಸಬೇಕು. ಹದಿನೈದು ದಿನ ಕಲಿಸಲು ನಾನು ಹಾಸನದಿಂದ ಹೋದೆ. ಕಲಿತರೆ ಕೆಂಪಮ್ಮ ಮುಂದುವರಿಯುತ್ತಾರೆ, ಇಲ್ಲದಿದ್ದರೆ ಬೇರೆಯವರು. ಅದನ್ನು ತೀರ್ಮಾನಿಸಿ ಹೇಳಬೇಕಾದವನು ನಾನು! ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ, ಬಿಡಿ.

ಮೊದಲ ದಿನ ನೋಟ್ಸ್ ತೆಗೆದು ಗಂಟಲು ಸರಿಮಾಡಿಕೊಂಡೆ. "ಎರಡು ಅಥವಾ ಅದಕ್ಕಿಂತ ಹೆಚ್ಚು ಕಂಪ್ಯೂಟರುಗಳ ನಡುವಿನ ಸಂಪರ್ಕ ಜಾಲವೇ ನೆಟ್‌ವರ್ಕ್." ಕೆಂಪಮ್ಮ ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ ಸಾ, ಇಂಟರ್ನೆಟ್ಟು ಎಲ್ಲಯ್ತೆ? ಒಂದ್ ದಪ ತೋರ್ಸಿ" ಎಂದರು.

ನಾನು ಗೋಡೆಯ ಮೇಲೆ ಮಿಣಮಿಣ ಎನ್ನುತ್ತಿದ್ದ ರೌಟರ್ ತೋರಿಸಿದೆ. ಆಮೇಲೆ ಅದಕ್ಕೆ ಬಂದು ಸೇರುವ ತಂತಿ, ಹೊರಗಿನ ಕಂಬ, ರಸ್ತೆ ಬದಿಯಲ್ಲಿ ಕೇಬಲ್ ಹೂತ ಜಾಗ, ಎಲ್ಲ ನಡೆಸಿಕೊಂಡೇ ತೋರಿಸಿದೆ. "ನೆಲದೊಳಗಾ? ಎಲ್ರೂ ಮ್ಯಾಲೆ ಕೈ ತೋರುಸ್ತಾರೆ ಕಣ್ ಸಾ!" ಎಂದು ಅವರಿಗೆ ಭಾರಿ ನಗು.

ಪಟ್ಟಿ ಇಡಿಯಾಗಿ ಹೋಗುವುದಿಲ್ಲ, ಚೂರುಚೂರಾಗಿ ಹೋಗುತ್ತದೆ. ಪ್ರತಿ ಚೂರಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ನಂಬರ್ ಇರುತ್ತದೆ ಎಂದೆ. "ನಮ್ ಕ್ಯಾನಿನಂಗೆ ಅನ್ನಿ. ನಂಬರ್ ಅಳಿಸೋದ್ರೆ ನಮ್ ಖಾಲಿ ಕ್ಯಾನು ಇನ್ಯಾವುದೋ ಊರಿಗೆ ಇಳೀತದೆ." ದಾರಿಯಲ್ಲಿ ಒಂದು ಚೂರು ಕಳೆದುಹೋದರೆ ಅದೊಂದನ್ನೇ ಮತ್ತೆ ಕಳಿಸುತ್ತಾರೆ ಎಂದಾಗ ಮಾತ್ರ ಅವರ ಮುಖ ಸಣ್ಣಗಾಯಿತು. "ಹಾಲು ಚೆಲ್ಲೋದ್ರೆ ಅಂಗೆ ಬರಾಕಿಲ್ಲ" ಎಂದರು.

ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರ ಕೈಯಲ್ಲಿ ಪಟ್ಟಿ ಮಾತ್ರ ಹೋಗುತ್ತಿರಲಿಲ್ಲ. ತೆರೆಯ ಮೇಲೆ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಎಲ್ಲೋ ತಪ್ಪು ಒತ್ತುತ್ತಿದ್ದಾರೆ ಎಂದು ನಾನು ನಿರ್ಧರಿಸಿಬಿಟ್ಟೆ. ಹತ್ತನೇ ದಿನ ಅಧ್ಯಕ್ಷೆ ರತ್ನಮ್ಮ, "ಏನ್ ಸಾ, ಆಯ್ತದಾ ಇವಕ್ಕನ ಕೈಲಿ?" ಎಂದು ಎದುರಿಗೇ ಕೇಳಿದರು. "ಕಷ್ಟ ಕಣಮ್ಮ" ಎಂದೆ. ಕೆಂಪಮ್ಮ ಒಳಗೆ ಹೋಗಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದರು. ಇವತ್ತಿಗೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ಹದಿಮೂರನೇ ದಿನ, ಯಾಕೋ ಅನುಮಾನ ಬಂದು, ರೌಟರಿಗೆ ಯಾರ್‍ಯಾರು ಸೇರಿಕೊಂಡಿದ್ದಾರೆ ಎಂದು ತೆಗೆದು ನೋಡಿದೆ. ನಲವತ್ತಕ್ಕೂ ಹೆಚ್ಚು ಫೋನು! ಅರ್ಧ ಊರೇ ಅಲ್ಲಿ ಕೂತು ವಿಡಿಯೊ ನೋಡುತ್ತಿತ್ತು.

"ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದೀರಾ?"

"ಕೇಳ್ದೋರ್ಗೆಲ್ಲ ಕೊಟ್ಟೀನಿ. ಹೆಪ್ಪು ಕೇಳ್ಕೊಂಡು ಬಂದೋರ್ಗೆ ಇಲ್ಲ ಅಂತಾರಾ ಸಾ? ಒಂದ್ ಚಮಚ ಕೊಟ್ರೆ ನಮ್ ಮೊಸರೇನ್ ಕಮ್ಮಿ ಆಯ್ತದಾ?"

ತಪ್ಪು ಅವರದಲ್ಲ. ಪಾಸ್‌ವರ್ಡ್ ಎಂದರೇನು ಎಂದು ವಿವರಿಸಿದ್ದ ನಾನು, ಅದನ್ನು ಕೊಟ್ಟರೆ ಏನು ಕಮ್ಮಿಯಾಗುತ್ತದೆ ಎಂದು ಹೇಳಿರಲೇ ಇಲ್ಲ. ಹೆಪ್ಪು ಕೊಟ್ಟರೆ ಮುಗಿಯುವುದಿಲ್ಲ ನಿಜ, ಆದರೆ ಇದು ಕಾಲುವೆ ಇದ್ದ ಹಾಗೆ. ಮೇಲಿನವರೆಲ್ಲ ಒಟ್ಟಿಗೆ ನೀರು ತಿರುಗಿಸಿಕೊಂಡರೆ ಕೊನೆಯ ಗದ್ದೆಗೆ ಏನು ಬರುತ್ತದೆ ಎಂದೆ. ಅವರು, "ಇದನ್ನ ಮೊದ್ಲೇ ಏಳ್ಬಾರ್ದಾ!" ಎಂದರು.

ಪಾಸ್‌ವರ್ಡ್ ಬದಲಾಯಿಸಿಬಿಡೋಣ, ಎರಡು ನಿಮಿಷದ ಕೆಲಸ ಎಂದೆ. ಸುತರಾಂ ಒಪ್ಪಲಿಲ್ಲ. "ಕೊಟ್ಟಿದ್ದ ಕಿತ್ಕೊಳ್ಳಾದಾ? ಬುಡ್ತು ಅನ್ನಿ. ಸರದಿ ಹಾಕುವ."

ಕೊನೆಯ ದಿನದ ಹಿಂದಿನ ಸಂಜೆ ಹಾಲು ಹಾಕಲು ಬಂದ ಒಬ್ಬೊಬ್ಬರಿಗೂ ಅವರು ಹೇಳಿದರು: "ನಾಳಿಕ್ಕೆ ಏಳೂವರೆಯಿಂದ ಎಂಟರಗಂಟ ಡೈರಿ ಸರದಿ ಕಣ್ರವ್ವ. ನಿಮ್ಮೋರ ಫೋನೂ ಇಸ್ಕೊಂಡು ಆಫ್ ಮಾಡಿ ಮಡಗಿ."

ಬೆಳಿಗ್ಗೆ ರತ್ನಮ್ಮ ಸೆರಗು ಬಿಗಿದು ಪಕ್ಕದಲ್ಲೇ ನಿಂತರು. ಏಳೂವರೆ ಆಯಿತು. ರೌಟರಿಗೆ ಸೇರಿಕೊಂಡ ಫೋನುಗಳ ಸಂಖ್ಯೆ ಇಳಿಯತೊಡಗಿತು. ನಲವತ್ತು, ಇಪ್ಪತ್ತು, ಆರು, ಎರಡು. ಒಂದಕ್ಕೆ ಬಂದು ನಿಂತಿತು.

"ಇನ್ನೊಂದ್ ಯಾರ್ದು ಸಾ?" ಎಂದರು ಕೆಂಪಮ್ಮ.

ಹೆಸರು ಓದಿದೆ. ನನ್ನದು. ನನ್ನ ಜೇಬಿನಲ್ಲಿ ಕೂತು ಏನೇನೋ ಇಳಿಸಿಕೊಳ್ಳುತ್ತಿತ್ತು. ಊರೆಲ್ಲ ಅವರ ಒಂದು ಮಾತಿಗೆ ಫೋನು ಆರಿಸಿತ್ತು, ಮೇಷ್ಟ್ರೊಬ್ಬ ಉಳಿದಿದ್ದ. ತೆಗೆದು ಆರಿಸಿದೆ. ಕೆಂಪಮ್ಮ ಒಂದೊಂದೇ ಕೀಲಿ ನೋಡಿಕೊಂಡು ಒತ್ತಿದರು. ಚಕ್ರ ಒಂದು ಸುತ್ತು ಸುತ್ತಿ ನಿಂತಿತು. ಪಟ್ಟಿ ಹೋಗಿತ್ತು.

"ಆಯ್ತದಾ ಸಾ?" ಎಂದರು ರತ್ನಮ್ಮ.

"ಆಗುತ್ತೆ ಕಣಮ್ಮ. ಮೊನ್ನೆ ನಾನು ಹೇಳಿದ್ದೇ ತಪ್ಪು" ಎಂದೆ. ಕೆಂಪಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಕಾಫಿ ಮಾಡಲು ಎದ್ದರು.

ಒಲೆ ಒರೆಸಿ ಮುಗಿಸಿ, ಇದೆಲ್ಲ ನೆನಪಾಯಿತಲ್ಲ ಎಂದು ಅವರಿಗೇ ಫೋನ್ ಮಾಡಿದೆ. ವಯಸ್ಸಾಯಿತು, ಈ ತಿಂಗಳು ಕೆಲಸ ಬಿಡುತ್ತಿದ್ದಾರಂತೆ. ಅವರ ಜಾಗಕ್ಕೆ ಬರುವವಳು ರತ್ನಮ್ಮನ ಸೊಸೆ. "ರತ್ನಮ್ಮ ಕೇಳುದ್ಲು ಸಾ, ಆಯ್ತದಾ ಈ ಹುಡ್ಗಿ ಕೈಲಿ ಅಂತ. ಮೊದ್ಲು ಕಲುಸ್ತೀನಿ ತಡಿಯವ್ವ, ಆಮ್ಯಾಕೆ ಕೇಳು ಅಂದೆ."

ನನಗೆ ಹುರುಪು ಬಂತು. "ಸೋಮವಾರದಿಂದಲೇ ಬರಲಾ? ಹದಿನೈದು ದಿನ ಸಾಕಾ?"

"ಅಯ್ಯೋ, ಪಾಠಕ್ಕೆ ನಾನಿಲ್ವಾ ಸಾ? ನೀವು ಊಟಕ್ಕೆ ಬನ್ನಿ."

ಊಟ ಮಧ್ಯಾಹ್ನಕ್ಕೆ. ಹಾಸನದಿಂದ ಮೊದಲನೇ ಬಸ್ಸಿಗೇ ಹೊರಡುತ್ತೇನೆ. ಅವರ ಪಾಠಕ್ಕೂ ಕೂರಬೇಕು.